ಒಳಗೆ ಸರಿ, ಹೊರಗೆ ಎರರ್: ಮದುವೆ ಕ್ಯಾಮೆರಾ ಒಂದರ ಪ್ರಕರಣ

ಕ್ಯಾಮೆರಾ ರಿಪೇರಿಗೆ ಬರುವವರ ದೂರು ಹೆಚ್ಚಾಗಿ ಎರಡೇ ಥರ. ಒಂದು, "ಆನ್ ಆಗ್ತಾನೇ ಇಲ್ಲ". ಇನ್ನೊಂದು, "ಆನ್ ಆಗ್ತದೆ, ಆದರೆ ಮಧ್ಯದಲ್ಲೇ ನಿಂತು ಬಿಡ್ತದೆ". ಮೊದಲನೆಯದು ಎಷ್ಟೋ ವಾಸಿ. ಬ್ಯಾಟರಿ, ಚಾರ್ಜರ್, ಬ್ಯಾಟರಿ ಮುಚ್ಚಳ ಒತ್ತುವ ಸಣ್ಣ ಸ್ವಿಚ್, ಕಾರ್ಡಿನ ಬಾಗಿಲು ಹೀಗೆ ಒಂದೊಂದಾಗಿ ನೋಡುತ್ತಾ ಹೋದರೆ ಅರ್ಧಕ್ಕರ್ಧ ಕೇಸು ಅಲ್ಲೇ ಮುಗಿಯುತ್ತವೆ. ಮುಚ್ಚಳ ಸರಿಯಾಗಿ ಕೂರದಿದ್ದರೆ ಬ್ಯಾಟರಿ ತುಂಬಿದ್ದರೂ ಕ್ಯಾಮೆರಾ ಏಳುವುದಿಲ್ಲ. ಇದು ಗೊತ್ತಿಲ್ಲದೆ ಹೊಸ ಬ್ಯಾಟರಿ ಕೊಂಡವರು ಬಹಳ ಜನ ಇದ್ದಾರೆ.

ಎರಡನೆಯ ಥರದ ದೂರು ಬೇರೆ. ಅದು ನಮ್ಮ ಮುಂದೆ ಬರುವುದೇ ಇಲ್ಲ. ಅಂಗಡಿ ಟೇಬಲ್ ಮೇಲೆ ಇಟ್ಟರೆ ಕ್ಯಾಮೆರಾ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಮದುವೆಯಲ್ಲಿ ಕೈಕೊಡುತ್ತದೆ. ಇಲ್ಲಿ ಬರೆಯುತ್ತಿರುವುದು ಅಂಥ ಒಂದು ಕೇಸು. ಊರು, ಹೆಸರು, ಕ್ಯಾಮೆರಾ ಕಂಪನಿ ಎಲ್ಲ ಬಿಟ್ಟಿದ್ದೇನೆ. ಗುರುತು ಸಿಗುವಂಥ ಒಂದೆರಡು ವಿವರ ಬದಲಿಸಿದ್ದೇನೆ. ಕ್ಯಾಮೆರಾದವರೇ "ಬರೀರಿ ಸರ್, ನನ್ನಂಥವರಿಗೆ ಉಪಯೋಗ ಆಗ್ತದೆ" ಅಂದಿದ್ದಾರೆ.

ಹಿನ್ನೆಲೆ

ಮಧ್ಯ ಕರ್ನಾಟಕದ ಒಂದು ತಾಲ್ಲೂಕು ಊರು. ಅಲ್ಲಿ ಸಣ್ಣ ಸ್ಟುಡಿಯೋ ಇಟ್ಟುಕೊಂಡವರು ಇವರು. ಪಾಸ್‌ಪೋರ್ಟ್ ಫೋಟೋ, ನಾಮಕರಣ, ಶಾಲೆ ಗ್ಯಾದರಿಂಗ್ ಎಲ್ಲ ಮಾಡುತ್ತಾರೆ. ಆದರೆ ಹೊಟ್ಟೆ ತುಂಬಿಸುವುದು ಮದುವೆ ಸೀಸನ್. ಜೊತೆಗೆ ಒಬ್ಬ ಹುಡುಗ ಇದ್ದಾನೆ. ಲೈಟ್ ಹಿಡಿಯುವುದು, ಬ್ಯಾಗ್ ಕಾಯುವುದು, ಕಾರ್ಡ್ ಬದಲಿಸುವುದು ಅವನ ಕೆಲಸ. ಈ ಕಥೆಯಲ್ಲಿ ಅವನ ಪಾತ್ರ ದೊಡ್ಡದು.

ಕ್ಯಾಮೆರಾ ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ ಡಿಎಸ್‌ಎಲ್‌ಆರ್, ಅಂದರೆ ಒಳಗೆ ಕನ್ನಡಿ ಇರುವ, ಲೆನ್ಸ್ ಬದಲಿಸಬಹುದಾದ ಕ್ಯಾಮೆರಾ. ಅದರ ಮೇಲೆ ಸದಾ ಕೂತಿರುವುದು 17-50 ಎಂಎಂ ಜೂಮ್ ಲೆನ್ಸ್. ಈ ಲೆನ್ಸಿನ ಹೆಚ್ಚುಗಾರಿಕೆ ಏನು ಅಂದರೆ, ಅಗಲದ 17ರಲ್ಲೂ ಹತ್ತಿರದ 50ರಲ್ಲೂ ಅಪರ್ಚರ್, ಅಂದರೆ ಬೆಳಕು ಒಳಗೆ ಬರುವ ಕಿಂಡಿ, ಎಫ್ 2.8ರವರೆಗೆ ತೆರೆಯುತ್ತದೆ. ಈ ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಕಲ್ಯಾಣ ಮಂಟಪದ ಮಂಕು ಬೆಳಕಿಗೆ ಅದು ಬೇಕೇ ಬೇಕು. ಬ್ಯಾಗಿನಲ್ಲಿ ಇನ್ನೊಂದು 50 ಎಂಎಂ ಲೆನ್ಸ್ ಇತ್ತು. ಮದುಮಗಳ ಕ್ಲೋಸಪ್‌ಗೆ ಮಾತ್ರ ಅದು ಹೊರಗೆ ಬರುತ್ತಿತ್ತು.

ಇವರ ಕೆಲಸದ ಕ್ರಮವನ್ನೂ ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಉತ್ತರ ಅದರಲ್ಲೇ ಇತ್ತು. ಮಂಟಪದ ಒಳಗೆ ಎಫ್ 2.8. ಹೊರಗೆ ಬಿಸಿಲಿಗೆ ಬಂದರೆ ಎಫ್ 8. ಕೆಲಸ ಕಲಿಸಿದ ಗುರುಗಳು "ಹೊರಗಡೆ ಗ್ರೂಪ್ ಅಂದ್ರೆ ಎಂಟು" ಅಂತ ಹೇಳಿಕೊಟ್ಟಿದ್ದರು. ಅದನ್ನೇ ವರ್ಷಗಟ್ಟಲೆ ನಡೆಸಿಕೊಂಡು ಬಂದಿದ್ದರು. ಒಳ್ಳೆಯ ಅಭ್ಯಾಸವೇ.

ತೊಂದರೆ

ವೈಶಾಖದ ಒಂದು ಮದುವೆ. ಬೆಳಗಿನ ಶಾಸ್ತ್ರಗಳೆಲ್ಲ ಚೆನ್ನಾಗಿ ಬಂದವು. ಅಕ್ಕಿಕಾಳು ಬಿದ್ದಿದ್ದು, ತಾಳಿ ಕಟ್ಟಿದ್ದು ಎಲ್ಲ ಸಿಕ್ಕಿತು. ಊಟದ ಹೊತ್ತಿಗೆ ಬೀಗರು, ಮನೆಮಂದಿ ಎಲ್ಲರನ್ನೂ ಮಂಟಪದ ಮುಂದೆ ನಿಲ್ಲಿಸಿದರು. ಒತ್ತಿದರು. ಒಂದು ಕ್ಲಿಕ್ ಅರ್ಧಕ್ಕೆ ಕೇಳಿಸಿತು. ವ್ಯೂಫೈಂಡರ್ ಕತ್ತಲಾಯಿತು. ಪರದೆ ಮೇಲೆ ಎರರ್. ಲೆನ್ಸಿಗೂ ಕ್ಯಾಮೆರಾಗೂ ಸಂಪರ್ಕ ಸರಿಯಿಲ್ಲ, ಕಾಂಟ್ಯಾಕ್ಟ್ (ಎರಡೂ ಮುಟ್ಟುವ ಲೋಹದ ಚುಕ್ಕೆಗಳು) ಒರೆಸಿ ಅನ್ನುವ ಅರ್ಥದ ಸಂದೇಶ. ಯಾವ ಬಟನ್ ಒತ್ತಿದರೂ ಜಪ್ಪಯ್ಯ ಅನ್ನಲಿಲ್ಲ. ಬ್ಯಾಟರಿ ತೆಗೆದು ಹಾಕಿದ ಮೇಲೆ ಮತ್ತೆ ಎದ್ದಿತು. ಇನ್ನೊಂದು ಸಲ ಒತ್ತಿದರು. ಮತ್ತೆ ಅದೇ.

ಆ ಗ್ರೂಪ್ ಫೋಟೋವನ್ನು ಹುಡುಗನ ಮೊಬೈಲ್‌ನಲ್ಲಿ ತೆಗೆಯಬೇಕಾಯಿತು. ಆಲ್ಬಂನಲ್ಲಿ ಮನೆಯವರು ಮೊದಲು ತಿರುಗಿಸುವ ಪುಟವೇ ಅದು. ಇವರಿಗೆ ಎಷ್ಟು ಬೇಜಾರಾಗಿರಬೇಕು ಅಂತ ಇದೇ ಕೆಲಸ ಮಾಡುವವರಿಗೆ ಬಿಡಿಸಿ ಹೇಳಬೇಕಿಲ್ಲ.

ಒಳಗೆ ಬಂದು ಮತ್ತೆ ಪ್ರಯತ್ನಿಸಿದರು. ಸರಿಯಾಗಿತ್ತು! ಊಟದ ಸಾಲು, ಹೆಣ್ಣು ಒಪ್ಪಿಸುವುದು ಎಲ್ಲ ಬಂತು. ಮುಂದಿನ ಮದುವೆಯಲ್ಲೂ ಇದೇ ಕಥೆ. ಒಳಗೆ ಸರಿ, ಹೊರಗೆ ಎರರ್. ಬಿಸಿಲು ನೆತ್ತಿ ಸುಡುವ ಕಾಲ ಬೇರೆ. ಸಹಜವಾಗಿಯೇ ಇವರು ಒಂದು ತೀರ್ಮಾನಕ್ಕೆ ಬಂದರು: ಕ್ಯಾಮೆರಾ ಬಿಸಿಲಿಗೆ ಕಾದು ನಿಲ್ಲುತ್ತಿದೆ.

ಇದು ಬುಡವಿಲ್ಲದ ಮಾತೇನಲ್ಲ. ಹೆಚ್ಚಿನ ಡಿಎಸ್‌ಎಲ್‌ಆರ್‌ಗಳ ಕೈಪಿಡಿಯಲ್ಲಿ ಕೆಲಸ ಮಾಡುವ ಉಷ್ಣತೆ 0ಯಿಂದ 40 ಡಿಗ್ರಿ ಅಂತಲೇ ಇರುತ್ತದೆ. ಕಪ್ಪು ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಬಿಸಿಲಲ್ಲಿ ಅದಕ್ಕಿಂತ ಜಾಸ್ತಿ ಕಾಯುತ್ತದೆ. ಹಾಗಾಗಿ ಈ ಊಹೆಯನ್ನು ಯಾರೂ ಪ್ರಶ್ನಿಸಲಿಲ್ಲ.

ಮಾಡಿ ನೋಡಿದ್ದು

ನನ್ನ ಹತ್ತಿರ ಬರುವ ಮೊದಲು ಇವರು ಬಹಳ ಪ್ರಯತ್ನ ಮಾಡಿದ್ದರು. ಲೆನ್ಸ್ ಕಾಂಟ್ಯಾಕ್ಟ್‌ಗಳನ್ನು ಮೆತ್ತಗಿನ ಬಟ್ಟೆಯಲ್ಲಿ ಒರೆಸಿದರು. ಬ್ಯಾಟರಿ ಬದಲಿಸಿದರು. ಕಾರ್ಡ್ ಬದಲಿಸಿ ಫಾರ್ಮ್ಯಾಟ್ ಮಾಡಿದರು. ಸೆಟ್ಟಿಂಗ್ ಎಲ್ಲ ರೀಸೆಟ್ ಮಾಡಿದರು. ಹೊರಗೆ ಹೋಗುವಾಗ ಹುಡುಗ ಕೊಡೆ ಹಿಡಿದ. ಕ್ಯಾಮೆರಾ ಮೇಲೆ ಬಿಳಿ ಟವೆಲ್ ಹೊದಿಸಿದರು.

ಪ್ರತಿ ಸಲವೂ "ಸರಿ ಹೋಯ್ತು" ಅಂತಲೇ ಅನ್ನಿಸುತ್ತಿತ್ತು. ಯಾಕೆ ಗೊತ್ತಾ? ಒರೆಸಿದ ಮೇಲೆ ಪರೀಕ್ಷೆ ಮಾಡುತ್ತಿದ್ದದ್ದು ಸ್ಟುಡಿಯೋ ಒಳಗೆ. ಬ್ಯಾಟರಿ ಬದಲಿಸಿ ನೋಡಿದ್ದೂ ಸ್ಟುಡಿಯೋ ಒಳಗೆ. ಒಳಗೆ ಅದು ಯಾವತ್ತೂ ಕೆಟ್ಟಿರಲೇ ಇಲ್ಲ! ಹಾಗಾಗಿ ಯಾವ ಮದ್ದು ಹಾಕಿದರೂ ವಾಸಿಯಾದಂತೆ ಕಾಣುತ್ತಿತ್ತು. 50 ಎಂಎಂ ಲೆನ್ಸ್ ಹಾಕಿಯೂ ನೋಡಿದ್ದರು. ಅದೂ ಸಂಜೆ, ಟ್ಯೂಬ್‌ಲೈಟ್ ಕೆಳಗೆ. ಚೆನ್ನಾಗಿ ಬಂತು. "ಆಗ ಕ್ಯಾಮೆರಾ ತಣ್ಣಗಿತ್ತಲ್ವಾ ಸರ್, ಅದಕ್ಕೆ" ಅಂತ ತಮ್ಮ ಊಹೆಗೇ ಅದನ್ನೂ ಸೇರಿಸಿಕೊಂಡರು.

ಆಮೇಲೆ ಹತ್ತಿರದ ದೊಡ್ಡ ಊರಿನ ಒಂದು ಅಂಗಡಿಗೆ ಒಯ್ದರು. ಅಲ್ಲಿ ಕೌಂಟರ್ ಮೇಲೆ ಆಟೋ ಮೋಡ್‌ನಲ್ಲಿ ಒಂದಷ್ಟು ಕ್ಲಿಕ್ ಮಾಡಿದರು. "ಏನೂ ತೊಂದರೆ ಇಲ್ಲ" ಅಂತ ವಾಪಸ್ ಕೊಟ್ಟರು. ಇನ್ನೊಂದು ಕಡೆ "ಬಿಸಿಲಿಗೆ ನಿಲ್ತದೆ" ಅಂದಿದ್ದೇ ತಡ, ಮೇನ್ ಬೋರ್ಡ್ ಹೋಗಿದೆ, ಬದಲಿಸಬೇಕು ಅಂದರು. ಅವರು ಹೇಳಿದ ಖರ್ಚಿನಲ್ಲಿ ಇನ್ನೊಂದು ಹಳೆ ಬಾಡಿಯೇ ಬರುತ್ತಿತ್ತು.

ಆ ಅಂಗಡಿಗಳನ್ನು ಬೈಯುವುದು ಸುಲಭ. ನಾನು ಬೈಯುವುದಿಲ್ಲ. ಮೊದಲನೆಯವರು ಕಣ್ಣಿಗೆ ಕಂಡಿದ್ದನ್ನು ಹೇಳಿದರು. ಎರಡನೆಯವರು ಕಿವಿಗೆ ಬಿದ್ದಿದ್ದನ್ನು ನಂಬಿದರು. "ಬಿಸಿಲಿಗೆ ನಿಲ್ತದೆ" ಅನ್ನುವುದು ನಿಜವಾಗಿ ದೂರು ಅಲ್ಲ, ಅದು ತೀರ್ಮಾನ. "ಮಂಟಪದ ಹೊರಗೆ ಗ್ರೂಪ್ ಫೋಟೋ ತೆಗೆಯುವಾಗ ಎರರ್ ಬಂತು" ಅನ್ನುವುದು ದೂರು. ತೀರ್ಮಾನವನ್ನೇ ದೂರು ಅಂತ ಒಯ್ದರೆ ರಿಪೇರಿಯವರು ಕಾಯುವ ಭಾಗವನ್ನೇ ಹುಡುಕುತ್ತಾರೆ. ಡಾಕ್ಟರ ಹತ್ತಿರ ಹೋಗಿ "ನನಗೆ ಗ್ಯಾಸ್ಟ್ರಿಕ್, ಮಾತ್ರೆ ಕೊಡಿ" ಅಂದರೆ ಎದೆನೋವಿನ ಮಾತೇ ಬರದೆ ಹೋಗುವ ಹಾಗೆ.

ಹುಡುಗ ಹೇಳಿದ ಎರಡು ಮಾತು

ಇವರು ನನ್ನ ಹತ್ತಿರ ಬಂದಿದ್ದು ಒಂದು ಸಂಜೆ. ಒಂದೇ ದಿನ ಬಿಟ್ಟು ಇನ್ನೊಂದು ಮದುವೆ ಇತ್ತು. ಬಾಡಿ ಮಾರಿಬಿಡಲಾ ಅಂತ ಯೋಚಿಸುತ್ತಿದ್ದರು.

ಮೊದಲ ನಿರ್ಧಾರ: ಬಾಡಿ ಬಿಚ್ಚುವುದು ಬೇಡ. ಕಾರಣ ಸರಳ. ಬಿಚ್ಚಿದರೆ ಹೊಸ ತೊಂದರೆ ಸೇರಿಕೊಳ್ಳಬಹುದು, ಹಳೆಯದು ಯಾವುದು ಹೊಸದು ಯಾವುದು ಅಂತ ಆಮೇಲೆ ತಿಳಿಯುವುದಿಲ್ಲ. ಇನ್ನೊಂದು ಕಾರಣ ಮನೆಯಲ್ಲೇ ಸ್ಕ್ರೂಡ್ರೈವರ್ ಹಿಡಿಯುವವರಿಗಾಗಿ ಹೇಳುತ್ತೇನೆ. ಬಾಡಿಯಲ್ಲೇ ಫ್ಲಾಶ್ ಇರುವ ಕ್ಯಾಮೆರಾದ ಒಳಗೆ ಒಂದು ಕೆಪಾಸಿಟರ್ (ವಿದ್ಯುತ್ ಕೂಡಿಟ್ಟುಕೊಳ್ಳುವ ಭಾಗ) ಇರುತ್ತದೆ. ಅದರಲ್ಲಿ 300 ವೋಲ್ಟ್‌ನಷ್ಟು ತುಂಬಿರುತ್ತದೆ. ಬ್ಯಾಟರಿ ತೆಗೆದ ಮೇಲೂ ಅದು ಉಳಿದಿರುತ್ತದೆ. ಕೈ ತಾಗಿದರೆ ಬಲವಾದ ಪೆಟ್ಟು. ದಯವಿಟ್ಟು ಸುಮ್ನೆ ಕುತೂಹಲಕ್ಕೆ ಬಿಚ್ಚಬೇಡಿ.

ಎರಡನೆಯ ನಿರ್ಧಾರ: ಯಾವಾಗ ಕೆಡುತ್ತದೆ ಅನ್ನುವಷ್ಟೇ ಗಮನ ಕೊಟ್ಟು, ಯಾವಾಗ ಕೆಡುವುದಿಲ್ಲ ಅಂತ ಕೇಳುವುದು. ಹೊರಗೆ ಒಂದು ಸಲವಾದರೂ ಸರಿಯಾಗಿ ಬಂದಿದೆಯಾ? ಒಳಗೆ ಒಂದು ಸಲವಾದರೂ ಕೈಕೊಟ್ಟಿದೆಯಾ?

ಫೋಟೋಗ್ರಾಫರ್ ಎರಡಕ್ಕೂ "ಇಲ್ಲ" ಅಂದರು. ಹಿಂದೆ ನಿಂತಿದ್ದ ಹುಡುಗ ಸ್ವಲ್ಪ ಹಿಂಜರಿದು ಬಾಯಿಬಿಟ್ಟ.

"ಅಣ್ಣ, ಅವತ್ತು ಬಾಳೆಕಂಬದ ಹತ್ರ ಮದುಮಕ್ಕಳದ್ದು ಸಿಂಗಲ್ ತೆಗೆದ್ರಲ್ಲ, ಅದು ಬಂದಿತ್ತು. ಫುಲ್ ಬಿಸಿಲಿತ್ತು."

"ಹೌದಲ್ವೇನೋ."

"ಮತ್ತೆ ಅದಕ್ಕಿಂತ ಮುಂಚೆ ರಿಸೆಪ್ಷನ್‌ನಲ್ಲಿ ಸ್ಟೇಜ್ ಮೇಲೆ ದೊಡ್ಡ ಗ್ರೂಪ್ ನಿಂತಾಗ ಒಂದ್ಸಲ ಸ್ಟ್ರಕ್ ಆಗಿತ್ತು. ಬ್ಯಾಟರಿ ತೆಗೆದು ಹಾಕಿದ್ವಿ."

ನನ್ನ ಪ್ರಕಾರ ಇಡೀ ಕೇಸು ತಿರುಗಿದ್ದು ಇಲ್ಲಿ. ಉರಿ ಬಿಸಿಲಲ್ಲಿ ಒಂದು ಫೋಟೋ ಸರಿ ಬಂದಿದೆ. ರಾತ್ರಿ ಫ್ಯಾನ್ ಕೆಳಗೆ ಒಂದು ಫೋಟೋ ಕೈಕೊಟ್ಟಿದೆ. ಬಿಸಿಯ ಊಹೆಯಲ್ಲಿ ಈ ಎರಡಕ್ಕೂ ಜಾಗ ಇಲ್ಲ. ಇವೆರಡೂ ಫೋಟೋಗ್ರಾಫರ್ ಕಣ್ಣ ಮುಂದೆಯೇ ನಡೆದಿದ್ದವು. ಮನಸ್ಸಿನಲ್ಲಿ ಬಿಸಿಲು ಕೂತಿದ್ದರಿಂದ ಅವು ನೆನಪಿನಿಂದ ಜಾರಿಹೋಗಿದ್ದವು. ಹುಡುಗನಿಗೆ ಯಾವ ಊಹೆಯೂ ಇರಲಿಲ್ಲ, ಕಂಡಿದ್ದು ಹಾಗೇ ನೆನಪಿತ್ತು. ದೂರು ಕೇಳುವಾಗ ಪಕ್ಕದಲ್ಲಿ ನಿಂತವರನ್ನೂ ಕೇಳಬೇಕು ಅಂತ ನಾನು ಈಗ ಎಲ್ಲರಿಗೂ ಹೇಳುತ್ತೇನೆ.

ಕಾರ್ಡ್ ಬಿಟ್ಟುಕೊಟ್ಟ ಸುಳಿವು

ಕ್ಯಾಮೆರಾ ತೆಗೆದ ಪ್ರತಿ ಫೋಟೋದ ಒಳಗೂ ಅದರ ಜಾತಕ ಇರುತ್ತದೆ. ಯಾವ ಹೊತ್ತು, ಎಷ್ಟು ಶಟರ್ ವೇಗ, ಎಷ್ಟು ಅಪರ್ಚರ್, ಜೂಮ್ ಎಷ್ಟರಲ್ಲಿತ್ತು ಎಲ್ಲ ಬರೆದಿರುತ್ತದೆ. ಇದಕ್ಕೆ ದೊಡ್ಡ ಸಾಫ್ಟ್‌ವೇರ್ ಏನೂ ಬೇಡ. ವಿಂಡೋಸ್‌ನಲ್ಲಿ ಫೋಲ್ಡರ್ ತೆರೆದು ಡೀಟೇಲ್ಸ್ ನೋಟಕ್ಕೆ ಹೋಗಿ, ಎಫ್-ಸ್ಟಾಪ್ ಮತ್ತು ಫೋಕಲ್ ಲೆಂಗ್ತ್ ಅನ್ನುವ ಎರಡು ಕಾಲಂ ಸೇರಿಸಿದರೆ ಸಾಕು. ತಲೆಬರಹದ ಮೇಲೆ ಒತ್ತಿದರೆ ಸಾಲಾಗಿ ಜೋಡಿಸಿಕೊಡುತ್ತದೆ.

ಕೈಕೊಟ್ಟ ಕ್ಲಿಕ್ಕುಗಳು ಕಾರ್ಡಿನಲ್ಲಿ ಉಳಿದಿರಲಿಲ್ಲ. ಉಳಿದಿದ್ದವು ಗೆದ್ದವು ಮಾತ್ರ. ಹಾಗಾಗಿ ಏನಿದೆ ಅಂತ ನೋಡುವುದಕ್ಕಿಂತ ಏನಿಲ್ಲ ಅಂತ ನೋಡಬೇಕಿತ್ತು.

ಹಳೆಯ ಮದುವೆಗಳ ಫೋಲ್ಡರ್‌ನಲ್ಲಿ ಎಫ್ 2.8, 4, 5.6, 8 ಎಲ್ಲ ಬೆರೆತಿದ್ದವು. ತೊಂದರೆ ಶುರುವಾದ ಮೇಲಿನ ಫೋಲ್ಡರ್ ತೆರೆದೆವು. ಸಾಲು ಸಾಲು 2.8. ಅದರ ಕೆಳಗೆ ಬೆರಳೆಣಿಕೆಯಷ್ಟು ಎಫ್ 8 ಇದ್ದವು, ಬಾಳೆಕಂಬದ ಫೋಟೋ ಅವುಗಳಲ್ಲೊಂದು. ಪಕ್ಕದ ಕಾಲಂ ನೋಡಿದರೆ ಅವೆಲ್ಲ 40ರಿಂದ 50 ಎಂಎಂ ನಡುವೆ ತೆಗೆದವು. ಅಂದರೆ ಲೆನ್ಸನ್ನು ಹತ್ತಿರಕ್ಕೆ ಜೂಮ್ ಮಾಡಿದಾಗ. ಅಗಲದ ತುದಿಯಲ್ಲಿ, 17-20ರ ಆಸುಪಾಸಿನಲ್ಲಿ, 2.8 ಬಿಟ್ಟು ಬೇರೆ ಅಪರ್ಚರಿನ ಒಂದೇ ಒಂದು ಫೋಟೋ ಇರಲಿಲ್ಲ.

ಈಗ ಹುಡುಗನ ಎರಡೂ ಮಾತು ಕೂಡಿಕೊಂಡವು. ಬಾಳೆಕಂಬದ ಹತ್ತಿರ ಹತ್ತಿರದ ಜೂಮ್ ಇತ್ತು, ಬಂತು. ಸ್ಟೇಜ್ ಮೇಲೆ ದೊಡ್ಡ ಗ್ರೂಪ್, ಅಗಲದ ತುದಿ. ಎಲ್ಲರೂ ಶಾರ್ಪ್ ಬರಲಿ ಅಂತ ಫ್ಲಾಶ್ ಹಾಕಿ ಎಫ್ 5.6 ಇಟ್ಟಿದ್ದರಂತೆ. ನಿಂತಿತು.

ಕ್ಯಾಮೆರಾದ ಒಳಗಿನ ಒಂದು ಸಂಗತಿ ಗೊತ್ತಿದ್ದರೆ ಉಳಿದದ್ದು ಸಲೀಸು. ಡಿಎಸ್‌ಎಲ್‌ಆರ್‌ನಲ್ಲಿ ನಾವು ನೋಡುತ್ತಿರುವಾಗ, ಫೋಕಸ್ ಮಾಡುವಾಗ ಲೆನ್ಸಿನ ಅಪರ್ಚರ್ ಪೂರ್ತಿ ತೆರೆದೇ ಇರುತ್ತದೆ. ನಾವು 8 ಇಟ್ಟಿದ್ದರೂ ಅಷ್ಟೇ. ಬೆಳಕು ಜಾಸ್ತಿ ಬರಲಿ, ವ್ಯೂಫೈಂಡರ್ ಸ್ವಚ್ಛ ಕಾಣಲಿ ಅಂತ ಹಾಗೆ ಮಾಡಿರುತ್ತಾರೆ. ಬಟನ್ ಪೂರ್ತಿ ಒತ್ತಿದ ಆ ಒಂದು ಕ್ಷಣದಲ್ಲಿ ಮಾತ್ರ ಕಿಂಡಿಯ ಸುತ್ತಲಿನ ತೆಳು ಅಲಗುಗಳು ನಾವು ಇಟ್ಟ ಸಂಖ್ಯೆಗೆ ಮುಚ್ಚಿಕೊಳ್ಳುತ್ತವೆ. ಫೋಟೋ ಆದ ಕೂಡಲೇ ಮತ್ತೆ ತೆರೆದುಕೊಳ್ಳುತ್ತವೆ. 2.8ರಲ್ಲಿ ತೆಗೆದರೆ ಅಲಗು ಅಲ್ಲಾಡುವ ಪ್ರಸಂಗವೇ ಇಲ್ಲ. ಹಾಗಾಗಿ ಅಪರ್ಚರ್ ಕೆಟ್ಟ ಲೆನ್ಸ್ ಕೂಡ ಮಂಕು ಬೆಳಕಿನಲ್ಲಿ ತಿಂಗಳುಗಟ್ಟಲೆ ಚೆನ್ನಾಗಿರುವಂತೆ ನಟಿಸಬಹುದು. ಅಂಗಡಿ ಕೌಂಟರಿನ ಆಟೋ ಮೋಡ್‌ನಲ್ಲೂ ಆಗಿದ್ದು ಇದೇ. ಒಳಗಿನ ಬೆಳಕು ಕಡಿಮೆ, ಕ್ಯಾಮೆರಾ ತಾನೇ 2.8 ಆರಿಸಿಕೊಂಡಿತು, ಎಲ್ಲ ಸರಿ ಕಂಡಿತು.

ಎಲ್ಲ ಲೆನ್ಸಿನಲ್ಲೂ ಈ ಅಲಗು ಒಂದೇ ಥರ ಓಡುವುದಿಲ್ಲ. 1959ರಲ್ಲಿ ಬಂದ ನಿಕಾನ್ ಎಫ್ ಮೌಂಟ್‌ನಲ್ಲಿ (ಮೌಂಟ್ ಅಂದರೆ ಲೆನ್ಸ್ ಬಾಡಿಗೆ ಕೂರುವ ಜಾಗ) ಬಹಳ ಕಾಲ ಬಾಡಿಯ ಒಂದು ಲಿವರ್ ಅಪರ್ಚರನ್ನು ಓಡಿಸುತ್ತಿತ್ತು. 1987ರಲ್ಲಿ ಕೆನಾನ್ ಇಎಫ್ ಮೌಂಟ್ ತಂದಾಗ ಲಿವರ್ ತೆಗೆದು, ಲೆನ್ಸಿನ ಒಳಗೇ ಸಣ್ಣ ಮೋಟಾರ್ ಇಟ್ಟು ತಂತಿಯ ಮೂಲಕ ಹೇಳಿ ಮಾಡಿಸುವ ದಾರಿ ಹಿಡಿಯಿತು. ಇವತ್ತಿನ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಕ್ಯಾಮೆರಾಗಳಲ್ಲಂತೂ ಎಲ್ಲ ಕಂಪನಿಗಳದ್ದೂ ಅದೇ ದಾರಿ. ನಮ್ಮ ಕೇಸಿನ ಲೆನ್ಸ್ ಮೋಟಾರ್ ಇರುವ ಜಾತಿಯದು.

ಟ್ಯೂಬ್‌ಲೈಟ್ ಕೆಳಗಿನ ಪರೀಕ್ಷೆ

ರಾತ್ರಿಯಾಗಿತ್ತು. ಕ್ಯಾಮೆರಾ ತಣ್ಣಗಿತ್ತು. ಅದೇ ಬೇಕಿತ್ತು.

ಅಪರ್ಚರ್ ಪ್ರಯಾರಿಟಿ ಮೋಡ್ (ಅಪರ್ಚರ್ ನಾವು ಇಡುವುದು, ಶಟರ್ ವೇಗ ಕ್ಯಾಮೆರಾ ಆರಿಸುವುದು), 17 ಎಂಎಂ, ಎಫ್ 2.8. ಒತ್ತಿದೆ, ಬಂತು. ಬೇರೆ ಏನೂ ಮುಟ್ಟದೆ ಅಪರ್ಚರ್ ಮಾತ್ರ 8ಕ್ಕೆ ತಿರುಗಿಸಿದೆ. ಒತ್ತಿದೆ. ಅದೇ ಅರ್ಧ ಕ್ಲಿಕ್, ಅದೇ ಕತ್ತಲೆ, ಅದೇ ಎರರ್. ಫೋಟೋಗ್ರಾಫರ್ ಕುರ್ಚಿಯಿಂದ ಎದ್ದೇ ನಿಂತರು. "ಇಲ್ಲಿ ಬಿಸಿಲೇ ಇಲ್ವಲ್ಲ ಸರ್!"

ಒಂದು ಸಲಕ್ಕೆ ಒಂದೇ ಬದಲಾವಣೆ. ಈ ನಿಯಮವನ್ನು ನಾನು ಬಿಡುವುದಿಲ್ಲ. ಎರಡು ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ಹೇಳಲು ಬರುವುದಿಲ್ಲ. ಅದೇ ಬಾಡಿಗೆ ಅವರ 50 ಎಂಎಂ ಹಾಕಿ ಎಫ್ 8ರಲ್ಲಿ ಒತ್ತಿದೆ. ಬಂತು. ಬಾಡಿ ಗೆದ್ದಿತು. ಇವರ 17-50 ತೆಗೆದು ನನ್ನ ಹತ್ತಿರ ಇದ್ದ ಇನ್ನೊಂದು ಬಾಡಿಗೆ ಹಾಕಿ ಎಫ್ 8ರಲ್ಲಿ ಒತ್ತಿದೆ. ಎರರ್. ಲೆನ್ಸ್ ಸಿಕ್ಕಿಬಿತ್ತು. ಯಾವ ಮೇನ್ ಬೋರ್ಡೂ ಹೋಗಿರಲಿಲ್ಲ.

ಕೊನೆಗೆ ಕಣ್ಣಾರೆ ನೋಡಿಬಿಡೋಣ ಅಂತ ಇನ್ನೊಂದು ಪರೀಕ್ಷೆ. ಬಹಳಷ್ಟು ಡಿಎಸ್‌ಎಲ್‌ಆರ್‌ಗಳಲ್ಲಿ ಲೆನ್ಸಿನ ಪಕ್ಕ ಡೆಪ್ತ್ ಆಫ್ ಫೀಲ್ಡ್ ಪ್ರಿವ್ಯೂ ಅಂತ ಒಂದು ಬಟನ್ ಇರುತ್ತದೆ. ಅದನ್ನು ಒತ್ತಿದರೆ ಫೋಟೋ ತೆಗೆಯದೆಯೇ ಅಲಗು ಮುಚ್ಚಿಕೊಳ್ಳುತ್ತವೆ. ಲೆನ್ಸಿನ ಮುಂಭಾಗ ನಮ್ಮ ಕಡೆ ತಿರುಗಿಸಿ, ಟಾರ್ಚ್ ಓರೆಯಾಗಿ ಹಿಡಿದು ಒತ್ತಿದೆವು. 50ರಲ್ಲಿ ಅಲಗುಗಳು ಸರಕ್ಕನೆ ಒಳಗೆ ಬಂದು ಪುಟ್ಟ ಕಿಂಡಿ ಆಯಿತು. 35ರಲ್ಲಿ ಅರ್ಧಕ್ಕೆ ಬಂದು ಅಲ್ಲೇ ನಡುಗುತ್ತಾ ನಿಂತವು. 17ರಲ್ಲಿ ಅಲುಗಾಡಲೇ ಇಲ್ಲ. ಗಾಜಿನ ಹಿಂದೆ ದೊಡ್ಡ ದುಂಡು ಕತ್ತಲೆ ಹಾಗೇ ಉಳಿಯಿತು. ಹುಡುಗ ಮತ್ತೆ ಮತ್ತೆ ಜೂಮ್ ತಿರುಗಿಸಿ ನೋಡಿದ.

ಇಷ್ಟಾದ ಮೇಲೆ ಯಾವ ಭಾಗ ಅಂತಲೂ ಹೆಚ್ಚು ಕಡಿಮೆ ಗೊತ್ತಾಯಿತು. ಮೋಟಾರೇ ಸುಟ್ಟಿದ್ದರೆ ಜೂಮ್ ಎಲ್ಲಿದ್ದರೂ ಕೆಲಸ ಮಾಡಬಾರದು. ಜೂಮ್ ತಿರುಗಿಸಿದಂತೆ ಬಂದು ಹೋಗುತ್ತಿದೆ ಅಂದರೆ, ಜೂಮ್ ಜೊತೆ ಬಾಗುವ ಯಾವುದೋ ತಂತಿ ಬಿರುಕು ಬಿಟ್ಟಿದೆ. ಅದು ಫ್ಲೆಕ್ಸ್ ಕೇಬಲ್. ತೆಳು ಪ್ಲಾಸ್ಟಿಕ್ ಪಟ್ಟಿಯ ಒಳಗೆ ಕೂದಲಿನಷ್ಟು ಸಣ್ಣ ತಾಮ್ರದ ಗೆರೆಗಳು. ಅಪರ್ಚರ್ ಘಟಕ ಜೂಮ್ ಜೊತೆ ಹಿಂದೆ ಮುಂದೆ ಸರಿಯುತ್ತದೆ, ಈ ಪಟ್ಟಿ ಪ್ರತಿ ಸಲ ಮಡಚಿ ಬಿಚ್ಚಿಕೊಳ್ಳುತ್ತದೆ. ಮದುವೆ ಕೆಲಸದಲ್ಲಿ ಜೂಮ್ ರಿಂಗ್ ಒಂದು ನಿಮಿಷ ಸುಮ್ಮನಿರುವುದಿಲ್ಲ. ಎಲ್ಲೋ ಒಂದು ದಿನ ತಾಮ್ರ ಸೀಳುತ್ತದೆ. ಮಡಿಕೆ ಒಂದು ಕೋನದಲ್ಲಿದ್ದಾಗ ಸೀಳು ಕೂಡಿಕೊಂಡಿರುತ್ತದೆ, ಇನ್ನೊಂದರಲ್ಲಿ ಬಾಯಿ ಬಿಡುತ್ತದೆ.

ಕೆಟ್ಟ ಲೆನ್ಸಿನಲ್ಲೇ ಮದುವೆ

ಈಗ ಏನು ಮಾಡುವುದು? ನಾಡಿದ್ದು ಮದುವೆ. ಕೇಬಲ್ ನನ್ನ ಹತ್ತಿರ ಇರಲಿಲ್ಲ. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ವಿಚಾರಿಸಿ ತರಿಸಬೇಕು. ಬಾಡಿಗೆಗೆ ಲೆನ್ಸ್ ಕೇಳಿದರೆ ಲಗ್ನಸರಿ, ಎಲ್ಲವೂ ಬುಕ್ ಆಗಿದ್ದವು. ಬಿರುಕಿನ ಮೇಲೆ ಸಣ್ಣ ತಂತಿ ಬೆಸೆದು ತಾತ್ಕಾಲಿಕವಾಗಿ ಸರಿ ಮಾಡಿಕೊಡಿ ಅಂತ ಅವರು ಕೇಳಿದರು. ನಾನು ಒಪ್ಪಲಿಲ್ಲ. ಬಾಗುವ ಜಾಗದಲ್ಲಿ ಬೆಸುಗೆ ಹಾಕಿದರೆ ಅದು ಗಡುಸಾಗಿ ಪಕ್ಕದಲ್ಲೇ ಮತ್ತೆ ಸೀಳುತ್ತದೆ. ಅದೂ ಮುಹೂರ್ತದ ಹೊತ್ತಿಗೇ ಸೀಳಿದರೆ?

ಹಾಗಾಗಿ ಬೇರೆ ದಾರಿ ಹಿಡಿದೆವು. ಈ ಲೆನ್ಸ್ 2.8ರಲ್ಲಿ ಪೂರ್ತಿ ನಂಬಿಕಸ್ಥ. ಹಾಗಿದ್ದರೆ ಇಡೀ ಮದುವೆಯನ್ನು 2.8ರಲ್ಲೇ ಯಾಕೆ ತೆಗೆಯಬಾರದು?

ಅವರಿಗೆ ಎರಡು ಭಯ ಇತ್ತು. ಮೊದಲನೆಯದು, ಬಿಸಿಲಲ್ಲಿ 2.8 ಇಟ್ಟರೆ ಫೋಟೋ ಬೆಳ್ಳಗೆ ಸುಟ್ಟುಹೋಗುತ್ತದೆ ಅಂತ. ಲೆಕ್ಕ ಹಾಕಿದೆವು. ಉರಿ ಬಿಸಿಲಿಗೆ ಹಳೆಯ ಲೆಕ್ಕ ಎಫ್ 16, ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 100, ಶಟರ್ ಸುಮಾರು 1/100 ಸೆಕೆಂಡ್. ಅಲ್ಲಿಂದ 2.8ಕ್ಕೆ ಬಂದರೆ ಐದು ಸ್ಟಾಪ್ ಬೆಳಕು ಜಾಸ್ತಿ (ಒಂದು ಸ್ಟಾಪ್ ಅಂದರೆ ಎರಡು ಪಟ್ಟು), ಶಟರನ್ನು ಐದು ಸ್ಟಾಪ್ ಏರಿಸಿದರೆ 1/3200. ಇವರ ಬಾಡಿ 1/4000ದವರೆಗೆ ಹೋಗುತ್ತದೆ. ಸಾಕು.

ಎರಡನೆಯದು, ಹಿಂದಿನ ಸಾಲಿನವರು ಮಸುಕಾಗುತ್ತಾರೆ ಅಂತ. ಇದಕ್ಕೂ ಲೆಕ್ಕ ಇದೆ. ಇಂಥ ಕ್ರಾಪ್ ಸೆನ್ಸರ್ (ಫಿಲ್ಮ್ ಅಳತೆಗಿಂತ ಚಿಕ್ಕ ಸೆನ್ಸರ್) ಬಾಡಿಯಲ್ಲಿ 20 ಎಂಎಂ, ಎಫ್ 2.8 ಇಟ್ಟು 5 ಮೀಟರ್ ದೂರದವರ ಮೇಲೆ ಫೋಕಸ್ ಮಾಡಿದರೆ ಸುಮಾರು 3 ಮೀಟರಿನಿಂದ 15 ಮೀಟರಿನವರೆಗೆ ಶಾರ್ಪ್ ಬರುತ್ತದೆ. ಮೂರು ಸಾಲು ಜನ ನಿಂತರೂ ಎರಡು ಮೀಟರ್ ಆಳ ದಾಟುವುದಿಲ್ಲ ಅಲ್ವಾ? ಗ್ರೂಪಿಗೆ ಎಂಟೇ ಬೇಕು ಅನ್ನುವುದು ಅಗಲದ ಲೆನ್ಸಿಗೆ ಅಷ್ಟು ಕಟ್ಟುನಿಟ್ಟಾಗಿ ಅನ್ವಯಿಸುವುದಿಲ್ಲ. ಆದರೆ ಪೂರ್ತಿ ತೆರೆದಾಗ ಫ್ರೇಮಿನ ಮೂಲೆಗಳು ಸ್ವಲ್ಪ ಮೆತ್ತಗೆ ಬರುತ್ತವೆ. ಅದಕ್ಕೆ ಅಂಚಿಗೆ ಯಾರನ್ನೂ ನಿಲ್ಲಿಸದೆ ಅಕ್ಕಪಕ್ಕ ಜಾಗ ಬಿಡಿ ಅಂತ ಹೇಳಿದೆ.

ಒಂದು ತೊಡಕು ಮಾತ್ರ ನಿಜವಾದದ್ದು. ಇಂಥ ಬಾಡಿಗಳಲ್ಲಿ ಫ್ಲಾಶ್ ಮಾಮೂಲಿಯಾಗಿ 1/200 ಅಥವಾ 1/250ಕ್ಕಿಂತ ವೇಗದ ಶಟರ್ ಜೊತೆ ಹೊಂದುವುದಿಲ್ಲ. 1/3200ರಲ್ಲಿ ಕಣ್ಣಿನ ಕೆಳಗಿನ ನೆರಳು ತೆಗೆಯಲು ಇವರ ಫ್ಲಾಶ್ ಉಪಯೋಗಕ್ಕೆ ಬರುವುದಿಲ್ಲ. ಅದಕ್ಕೆ ಗ್ರೂಪನ್ನು ಬಿಸಿಲಿನಿಂದ ಚಪ್ಪರದ ನೆರಳಿಗೆ ಸರಿಸಿ ಅಂದೆ. ನೆರಳಿನಲ್ಲಿ ಬೆಳಕು ಮೃದು, ಫ್ಲಾಶೇ ಬೇಡ. ಇನ್ನು ಆಟೋ ಮೋಡ್, ಪಿ ಮೋಡ್ ಎರಡೂ ಬಂದ್, ಯಾಕೆಂದರೆ ಅಲ್ಲಿ ಅಪರ್ಚರನ್ನು ಕ್ಯಾಮೆರಾ ತಾನೇ ಬದಲಿಸಿಬಿಡುತ್ತದೆ. ಅಪರ್ಚರ್ ಪ್ರಯಾರಿಟಿಯಲ್ಲಿ 2.8ಕ್ಕೆ ಕಟ್ಟಿ ಹಾಕುವುದು, ಡಯಲ್ ಮುಟ್ಟದಿರುವುದು.

ಮಾರನೆಯ ದಿನ ಮಧ್ಯಾಹ್ನ ಅಂಗಡಿ ಮುಂದಿನ ಬಿಸಿಲಲ್ಲೇ ಪರೀಕ್ಷೆ ಮಾಡಿದೆವು. ತೊಂದರೆ ಬಂದ ಜಾಗದಲ್ಲೇ, ಬಂದ ಹೊತ್ತಿನಲ್ಲೇ ಪರೀಕ್ಷೆ ಮಾಡಬೇಕು ಅಂತ ನನ್ನ ಹಟ. ಎಲ್ಲವೂ ಬಂದವು. ಮದುವೆಯೂ ಎರರ್ ಇಲ್ಲದೆ ಮುಗಿಯಿತು. ಚಪ್ಪರದ ಕೆಳಗೆ ತೆಗೆದ ಗ್ರೂಪ್ ಫೋಟೋ ನೋಡಿ ಅವರಿಗೇ ಖುಷಿಯಾಯಿತು. ಯಾರೂ ಕಣ್ಣು ಕಿರಿದು ಮಾಡಿರಲಿಲ್ಲ.

ಲೆನ್ಸ್ ಬಿಚ್ಚಿದಾಗ

ಕೇಬಲ್ ಬಂದ ಮೇಲೆ ಲೆನ್ಸ್ ಬಿಚ್ಚಿದೆ. ಹಿಂದಿನ ಮೌಂಟ್ ರಿಂಗಿನ ಸ್ಕ್ರೂಗಳು ನೋಡಲು ಪ್ಲಸ್ ಥರ ಇದ್ದರೂ ಜಪಾನಿನ ಜೆಐಎಸ್ ಅಳತೆಯವು. ಮಾಮೂಲಿ ಪ್ಲಸ್ ಸ್ಕ್ರೂಡ್ರೈವರ್ ಹಾಕಿದರೆ ತಲೆ ಸವೆಯುತ್ತದೆ. ರಿಂಗಿನ ಕೆಳಗೆ ಕಾಗದದಷ್ಟು ತೆಳು ಲೋಹದ ಬಿಲ್ಲೆಗಳಿರುತ್ತವೆ. ಲೆನ್ಸ್ ಸೆನ್ಸರಿನಿಂದ ಎಷ್ಟು ದೂರ ಕೂರಬೇಕು ಅನ್ನುವುದನ್ನು ನಿರ್ಧರಿಸುವುದು ಅವು. ಒಂದು ಕಳೆದರೂ, ಜಾಗ ಬದಲಾದರೂ ದೂರದ ಫೋಕಸ್ ಕೆಡುತ್ತದೆ. ಬಿಚ್ಚುವಾಗ ಪ್ರತಿ ಹಂತದ ಫೋಟೋ ತೆಗೆದಿಟ್ಟುಕೊಂಡೆ.

ಕೇಬಲ್‌ನ ಎರಡು ತುದಿಗೆ ಮಲ್ಟಿಮೀಟರ್ ಕಡ್ಡಿ ಹಿಡಿದು ಜೂಮ್ ತಿರುಗಿಸಿದೆ. 50ರಲ್ಲಿ ಬೀಪ್ ಅಂತಿತ್ತು. 17ರ ಕಡೆ ಬರುತ್ತಾ ತಡವರಿಸಿ ನಿಂತಿತು. ಭೂತಗನ್ನಡಿಯಲ್ಲಿ ನೋಡಿದರೆ ಮಡಿಕೆಯ ಮೇಲೆ ಒಂದು ಬಿಳಿ ಗೆರೆ, ಅಷ್ಟೇ. ಮೇನ್ ಬೋರ್ಡ್ ಬದಲಿಸಲು ಹೊರಟಿದ್ದು ಆ ಗೆರೆಗಾಗಿ.

ಹೊಸ ಕೇಬಲ್ ಬೆಸೆದು ಕೂರಿಸಿದ ಮೇಲೆ 17, 24, 35, 50 ನಾಲ್ಕೂ ಕಡೆ, ಪ್ರತಿ ಕಡೆ 2.8ರಿಂದ 16ರವರೆಗೆ ತೆಗೆದು ನೋಡಿದೆವು. ದೂರದ ನೀರಿನ ಟ್ಯಾಂಕಿನ ಮೇಲೆ ಫೋಕಸ್ ಸರಿ ಕೂರುತ್ತಿದೆಯಾ ಅಂತಲೂ ನೋಡಿದೆವು. ಬಾಡಿಯ ಒಂದು ಸ್ಕ್ರೂ ಕೂಡ ತಿರುಗಿಸಬೇಕಾಗಲಿಲ್ಲ. ಅವರು ಮಾರಲು ಹೊರಟಿದ್ದ ಬಾಡಿ ಇವತ್ತಿಗೂ ಕೆಲಸ ಮಾಡುತ್ತಿದೆ.

ಈ ಕೇಸಿನಿಂದ ತೆಗೆದುಕೊಳ್ಳಬಹುದಾದದ್ದು

ನಿಮ್ಮ ಕ್ಯಾಮೆರಾ ಹೀಗೆ ನಿಂತರೆ ಅಂಗಡಿಗೆ ಹೋಗುವ ಮೊದಲು ಒಂದು ಚೀಟಿ ಬರೆಯಿರಿ. ಎಷ್ಟು ಅಪರ್ಚರ್, ಜೂಮ್ ಎಲ್ಲಿತ್ತು, ಫ್ಲಾಶ್ ಇತ್ತಾ, ಯಾವ ಲೆನ್ಸ್, ಪರದೆ ಮೇಲೆ ಏನು ಬಂತು. ಎರರ್ ಬಂದ ಕೂಡಲೇ ಮೊಬೈಲ್‌ನಲ್ಲಿ ಆ ಪರದೆಯ ಫೋಟೋ ತೆಗೆಯಿರಿ. ಯಾಕೆ ಆಯಿತು ಅನ್ನುವ ನಿಮ್ಮ ಊಹೆಯನ್ನು ಕೊನೆಯಲ್ಲಿ ಬೇರೆಯಾಗಿ ಹೇಳಿ. ಎರರ್ ಸಂದೇಶವನ್ನೂ ಪೂರ್ತಿ ನಂಬಬೇಡಿ. "ಕಾಂಟ್ಯಾಕ್ಟ್ ಒರೆಸಿ" ಅಂದರೆ ಲೆನ್ಸಿನಿಂದ ಉತ್ತರ ಬರಲಿಲ್ಲ ಅಂತ ಮಾತ್ರ ಕ್ಯಾಮೆರಾಗೆ ಗೊತ್ತು. ಕೊಳೆಯಿಂದಲೋ ಕೇಬಲ್‌ನಿಂದಲೋ ಅದಕ್ಕೆ ತಿಳಿಯುವುದಿಲ್ಲ. ಒರೆಸುವುದು ತಪ್ಪಲ್ಲ. ಒರೆಸಿದ ಮೇಲೆ ಎಲ್ಲಿ, ಯಾವ ಸೆಟ್ಟಿಂಗ್‌ನಲ್ಲಿ ಪರೀಕ್ಷೆ ಮಾಡುತ್ತೀರಿ ಅನ್ನುವುದರಲ್ಲಿ ಎಲ್ಲ ಇದೆ.

ಸೆಕೆಂಡ್ ಹ್ಯಾಂಡ್ ಜೂಮ್ ಲೆನ್ಸ್ ಕೊಳ್ಳುವವರಿಗೂ ಇದು ಅನ್ವಯಿಸುತ್ತದೆ. ಮಾರುವವರ ಮನೆಯ ಹಾಲ್‌ನಲ್ಲಿ ಆಟೋದಲ್ಲಿ ಎರಡು ಫೋಟೋ ತೆಗೆದು ದುಡ್ಡು ಕೊಡಬೇಡಿ. ಎಫ್ 8 ಇಟ್ಟು ಜೂಮಿನ ಎರಡೂ ತುದಿಯಲ್ಲಿ, ನಡುವೆಯೂ ಒತ್ತಿ ನೋಡಿ. ಮಿರರ್‌ಲೆಸ್‌ನಲ್ಲಿ ಅಪರ್ಚರ್ ಯಾವಾಗ ಮುಚ್ಚುತ್ತದೆ ಅನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ, ಆದರೆ ಪರೀಕ್ಷೆ ಇದೇ.

ನಮ್ಮ ಫೋಟೋಗ್ರಾಫರ್ ಈಗ ಪ್ರತಿ ಮದುವೆಯ ಹಿಂದಿನ ಸಂಜೆ ಇದನ್ನು ಮಾಡುತ್ತಾರೆ. ಆ ಕೆಲಸ ಹುಡುಗನಿಗೆ ವಹಿಸಿದ್ದಾರೆ. ಹೊಸ ಕೇಬಲ್ ಕೂಡ ಬಾಗುವುದೇ, ಒಂದಲ್ಲ ಒಂದು ದಿನ ಸವೆಯುವುದೇ ಅಂತ ಅವರಿಗೆ ಹೇಳಿದ್ದೇನೆ. ಅದಕ್ಕೆ ಬ್ಯಾಗಿನಲ್ಲಿ ಒಂದು ಹಳೆಯ 18-55 ಕಿಟ್ ಲೆನ್ಸ್ ಸೇರಿಸಿಕೊಂಡಿದ್ದಾರೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡಿದ್ದು. ಕೊಳ್ಳುವ ಮೊದಲು ಎಫ್ 8ರಲ್ಲಿ ಎರಡೂ ತುದಿ ಒತ್ತಿ ನೋಡಿದ್ದಾರೆ.